ರುಜು ಹಾಕುವವರು, ಪಕ್ಕ ಕೂರುವವರು

2022ರ ಅಕ್ಟೋಬರ್‌ನಲ್ಲಿ ಶಾಲಾ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಹೊರಟಿತು. ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆದು ಪೋಷಕರೇ ಇರುವ ಶಾಲಾ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ಶಾಲೆಯ ಖರ್ಚಿಗೆ ಬಳಸಬಹುದು ಎಂಬುದು ಅದರ ಸಾರ. ಒತ್ತಾಯವೇನಿಲ್ಲ, ಮನಸ್ಸಿದ್ದವರು ಕೊಟ್ಟರೆ ಸಾಕು ಎಂದೂ ಸೇರಿಸಿದ್ದರು. ಎಲ್ಲ ಕಡೆಯಿಂದ ಟೀಕೆ ಎದ್ದಿತು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ಅಲ್ಲಿಗೆ ಎಲ್ಲರೂ ಅದನ್ನು ಮರೆತರು. ನನ್ನನ್ನು ಮಾತ್ರ ಆ ನೂರು ರೂಪಾಯಿಗಿಂತ ಅದರ ಹಿಂದಿದ್ದ ಯೋಚನೆ ಬಹಳ ದಿನ ಕಾಡಿತು. ಪೋಷಕರು ಎಂದೊಡನೆ ಇಲಾಖೆಗೆ ಹೊಳೆದದ್ದು ಅವರ ಜೇಬು. ವಿರೋಧಿಸಿದ ನಾವಾದರೂ ಏನು ಮಾಡಿದೆವು? ಕೂಲಿ ಮಾಡುವವರ ಹತ್ತಿರ ದುಡ್ಡು ಕೇಳುತ್ತೀರಾ ಎಂದು ಗದರಿದೆವು, ಸರಿಯೇ. ದುಡ್ಡು ಬೇಡವಾದರೆ ಅವರಿಂದ ಮತ್ತೇನನ್ನು ಕೇಳಬೇಕಿತ್ತು ಎಂಬ ಮಾತನ್ನು ಎತ್ತಲೇ ಇಲ್ಲ.

ಹಳ್ಳಿಯ ಯಾವುದಾದರೂ ಸರ್ಕಾರಿ ಶಾಲೆಯೊಳಗೆ ಒಂದು ಸುತ್ತು ಹಾಕಿ. ಬೀರುವಿನ ಮೇಲೆ ದಾನಿಗಳ ಹೆಸರು, ಗೋಡೆ ಗಡಿಯಾರದ ಮೇಲೆ ಹೆಸರು, ಫ್ಯಾನಿನ ರೆಕ್ಕೆಯ ಮೇಲೂ ಹೆಸರು. ಒಂದು ಶಾಲೆಯಲ್ಲಿ ಬಿಸಿಯೂಟದ ತಟ್ಟೆಗಳ ತಳಕ್ಕೂ ಹೆಸರು ಕೊರೆಸಿದ್ದನ್ನು ಕಂಡಿದ್ದೇನೆ. ಮಕ್ಕಳು ಉಂಡಮೇಲೆ ದಿನವೂ ಆ ಪುಣ್ಯಾತ್ಮರ ಹೆಸರನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ದಾನವನ್ನು ಹಳಿಯುತ್ತಿಲ್ಲ. ಫ್ಯಾನು ಬೇಕು, ತಟ್ಟೆಯೂ ಬೇಕು. ಆದರೆ ಶಾಲೆಗೆ ಊರಿನ ನೆರವು ಎಂದರೆ ವಸ್ತು ತಂದುಕೊಡುವುದು, ಶಾಲು ಹೊದೆಸಿಕೊಳ್ಳುವುದು, ಫೋಟೊಗೆ ನಿಲ್ಲುವುದು ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವಲ್ಲ, ತಕರಾರು ಅದರ ಮೇಲೆ.

ಮಂಗಳೂರಿನ ಹತ್ತಿರದ ಹರೇಕಳದ ಹಾಜಬ್ಬರ ಕಥೆ ಎಲ್ಲರಿಗೂ ಗೊತ್ತು. ಕಿತ್ತಳೆ ಮಾರುತ್ತಿದ್ದ, ಸ್ವತಃ ಓದುಬರಹ ಬಾರದ ಮನುಷ್ಯ ತನ್ನೂರಿಗೆ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಭಾಷಣಗಳಲ್ಲಿ ಬರುವುದು ಕಿತ್ತಳೆ ಬುಟ್ಟಿ ಮತ್ತು ಕೂಡಿಟ್ಟ ಕಾಸು. ಕಿತ್ತಳೆ ಮಾರಿ ಎಷ್ಟು ತಾನೇ ಉಳಿದೀತು? ಊರಿಗೆ ಶಾಲೆ ಬೇಕೆಂದು ಕಂಡಕಂಡವರನ್ನು ಕೇಳುತ್ತ, ಕಚೇರಿ ಕಚೇರಿ ಅಲೆಯುತ್ತ ಅವರು ವರ್ಷಗಟ್ಟಲೆ ಕೊಟ್ಟ ಹೊತ್ತಿದೆಯಲ್ಲ, ನನ್ನ ಲೆಕ್ಕದಲ್ಲಿ ಶಾಲೆ ಕಟ್ಟಿದ್ದು ಅದು. ಹೊತ್ತಿಗೆ ಗೋಡೆಯ ಮೇಲೆ ಬರೆಸುವಂಥ ಮೊತ್ತವಿಲ್ಲ, ಹಾಗಾಗಿ ಅದು ಕಥೆಯಿಂದ ಬಿಟ್ಟುಹೋಗುತ್ತದೆ.

ಹಿಂದೆಲ್ಲ ಊರೇ ಶಾಲೆಯನ್ನು ಸಾಕುತ್ತಿರಲಿಲ್ಲವೇ ಎಂದು ನಿಟ್ಟುಸಿರು ಬಿಡುವವರೂ ಇದ್ದಾರೆ. ಸಾಕುತ್ತಿತ್ತು. ಕೂಲಿಮಠ ಎನ್ನುತ್ತಿದ್ದ ಊರಶಾಲೆಯ ಐಗಳ ಹೊಟ್ಟೆಪಾಡು ಊರವರು ಕೊಡುವ ಕಾಳುಕಡಿಯಲ್ಲೇ ನಡೆಯುತ್ತಿತ್ತು. ಆದರೆ ಕೊಡುವ ಮನೆಯ ಹುಡುಗರಿಗೆ ಮಾತ್ರ ಮರಳ ಮೇಲೆ ಅಕ್ಷರ ತಿದ್ದುವ ಭಾಗ್ಯ. ಹೆಣ್ಣುಮಕ್ಕಳು ಬಹುಮಟ್ಟಿಗೆ ಹೊರಗೆ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಪೂರ್ತಿ ಹೊರಗೆ. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದಾಗ ಅವರ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟರು. ಊರು ಎಂಬುದಕ್ಕೆ ಆ ಮುಖವೂ ಉಂಟು. ಶಾಲೆಯನ್ನು ಸರ್ಕಾರ ವಹಿಸಿಕೊಂಡಿದ್ದರಿಂದಲೇ ಈ ಮಕ್ಕಳಿಗೆ ಬಾಗಿಲು ತೆರೆದದ್ದು. ಆದ್ದರಿಂದ, ಊರಿನ ಪಾಲುಗಾರಿಕೆ ಎಂದು ನಾನು ಹೇಳುವಾಗ ಹಳೆಯ ಕೂಲಿಮಠಕ್ಕೆ ಹಿಂತಿರುಗಿ ಎನ್ನುತ್ತಿಲ್ಲ.

ಸರ್ಕಾರದ ಶಾಲೆಯನ್ನು ಮತ್ತೆ ಊರಿನ ಕೈಗೆ ಹತ್ತಿರ ತರುವ ಪ್ರಯತ್ನ ಕರ್ನಾಟಕದಲ್ಲಿ ಬಹಳ ಮೊದಲೇ ನಡೆಯಿತು. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಏಪ್ರಿಲ್ 28ರ ಆದೇಶದಿಂದ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹುಟ್ಟಿತು. ಅದಕ್ಕೆ ಮೊದಲಿದ್ದ ಗ್ರಾಮ ಶಿಕ್ಷಣ ಸಮಿತಿಯಲ್ಲಿ ಊರ ಗಣ್ಯರು ಇರುತ್ತಿದ್ದರು. ಇಲ್ಲಿ ಪೋಷಕರೇ ಪ್ರಧಾನ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇದನ್ನೇ ದೇಶಕ್ಕೆಲ್ಲ ಕಾನೂನು ಮಾಡಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು, ಹಿಂದುಳಿದವರಿಗೆ ಅವರ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ. ಶಾಲೆ ಹೇಗೆ ನಡೆಯುತ್ತಿದೆ ನೋಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನದ ಲೆಕ್ಕ ಕೇಳುವುದು ಇದರ ಕೆಲಸ. ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡು ಕಷ್ಟ.

ಎಡವಟ್ಟಾದದ್ದು ಬೇರೆ ಕಡೆ. ಸಮಿತಿಯ ಪೋಷಕ ಸದಸ್ಯರಾಗಲು ಮಗು ಅದೇ ಶಾಲೆಯಲ್ಲಿರಬೇಕು. ಈ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಊರಿನಲ್ಲಿ ಮಾತು ನಡೆಯುವವರ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೊರಟರು. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಿ ಮೇಜು ಕುಟ್ಟಬಲ್ಲವರು ಹೋದರು. ಹೊಸ್ತಿಲಲ್ಲೇ ನಿಂತು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಅನುಮಾನಿಸುವವರು ಉಳಿದರು. ಹೀಗೆ, ಕಾನೂನು ಪೋಷಕರಿಗೆ ಅಧಿಕಾರ ಕೊಡುತ್ತಿದ್ದ ಹೊತ್ತಿನಲ್ಲೇ ಅಧಿಕಾರ ಚಲಾಯಿಸಿ ಗೊತ್ತಿದ್ದ ಪೋಷಕರು ಜಾಗ ಖಾಲಿ ಮಾಡುತ್ತಿದ್ದರು. ಎಸ್‌ಡಿಎಂಸಿಗಳು ಸತ್ತುಹೋಗಿವೆ, ಜನಕ್ಕೆ ಆಸಕ್ತಿಯಿಲ್ಲ ಎಂದು ಸಭೆಗಳಲ್ಲಿ ಬೇಸರಪಡುವವರು ಈ ವಲಸೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ಸಭೆಯಲ್ಲಿ ನಾನೂ ಕೂತಿದ್ದೆ. ಊರು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಬೆಳಗ್ಗೆ ಹನ್ನೊಂದಕ್ಕೆ ಕರೆದಿದ್ದರು, ಅಂದರೆ ಕಳೆ ಕೀಳುವ ಹೊತ್ತಿಗೆ. ಐದು ಜನ ಬಂದಿದ್ದರು, ಮೂವರು ಹೆಂಗಸರು. ಹೆಡ್‌ಮಾಸ್ತರರು ಒಳ್ಳೆಯವರೇ, ಗ್ಯಾಸ್ ಸಿಲಿಂಡರು, ಶೌಚಾಲಯದ ನೀರು, ಶೂ ಅಳತೆ ಎಂದು ಗಡಿಬಿಡಿಯಲ್ಲಿ ಓದಿದರು. ಠರಾವು ಪುಸ್ತಕ ಕೈಯಿಂದ ಕೈಗೆ ಹೋಯಿತು. ಎಲ್ಲಿ ಎಂದು ಒಬ್ಬಾಕೆ ಕೇಳಿದರು, ಇಲ್ಲಿ ಎಂದು ಇನ್ನೊಬ್ಬರು ಬೆರಳಿಟ್ಟು ತೋರಿಸಿದರು, ರುಜು ಬಿತ್ತು. ಬರದ ಸದಸ್ಯರ ಮನೆಗೆ ಪುಸ್ತಕವನ್ನು ಒಬ್ಬ ಹುಡುಗನ ಕೈಲಿ ಕಳಿಸಿದರು. ಇಪ್ಪತ್ತೈದು ನಿಮಿಷದಲ್ಲಿ ಸಭೆ ಮುಗಿದಿತ್ತು. ಯಾರೂ ಮೋಸ ಮಾಡಿರಲಿಲ್ಲ; ಅಲ್ಲಿ ಕಾಗದ ತುಂಬುವುದನ್ನು ಬಿಟ್ಟು ಯಾರಿಗೂ ಬೇರೆ ಕೆಲಸ ಇರಲಿಲ್ಲ, ಅಷ್ಟೇ.

ಆ ಮೂವರು ಹೆಂಗಸರು ಆ ದಿನದ ಕೂಲಿ ಬಿಟ್ಟು ಬಂದಿದ್ದರು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ವರ್ಷಕ್ಕೆ ಆರು ಸಭೆ ಎಂದಿಟ್ಟುಕೊಳ್ಳಿ, 2,220 ರೂಪಾಯಿ ಆಯಿತು. ವಾಪಸಾದ ಸುತ್ತೋಲೆ ಕೇಳಿದ್ದು ವರ್ಷಕ್ಕೆ 1,200. ಅಂದರೆ ಸಭೆಗೆ ತಪ್ಪದೆ ಬರುವ ಕೂಲಿ ಹೆಣ್ಣುಮಗಳು ಇಲಾಖೆ ಕೇಳಿ ಕೈಬಿಟ್ಟ ದೇಣಿಗೆಯ ಹತ್ತಿರಹತ್ತಿರ ಎರಡರಷ್ಟನ್ನು ಈಗಾಗಲೇ ಕೊಡುತ್ತಿದ್ದಾಳೆ. ಅವಳ ಹೆಸರು ಯಾವ ತಟ್ಟೆಯ ತಳದಲ್ಲೂ ಇಲ್ಲ. ಗ್ರಾಮ ಪಂಚಾಯಿತಿ ಸದಸ್ಯರಿಗೆ ಗೌರವಧನವಿದೆ, ಶಾಸಕರಿಗೆ ಸಭಾ ಭತ್ಯೆಯಿದೆ. ಎಸ್‌ಡಿಎಂಸಿಯ ತಾಯಿ ಮಾತ್ರ ಪುಕ್ಕಟೆ ಬರಬೇಕು, ಬರದಿದ್ದರೆ ಆಸಕ್ತಿಯಿಲ್ಲದವಳು ಎನಿಸಿಕೊಳ್ಳಬೇಕು. ಸಭೆಗೆ ಬಂದ ದಿನದ ಕೂಲಿಯನ್ನು ಸರ್ಕಾರ ತುಂಬಿಕೊಡಲಿ ಎಂದರೆ ಸೇವಾಭಾವನೆ ಕೆಡುತ್ತದೆ ಎಂಬ ಉತ್ತರ ಬರುತ್ತದೆ. ತಿಂಗಳ ಸಂಬಳ ತಪ್ಪದೆ ಬರುವವರಿಗೆ ಸೇವಾಭಾವನೆ ಅಗ್ಗ. ಸಂಜೆ ಏಳಕ್ಕೆ ಸಭೆ ಕರೆದರೂ ಅರ್ಧ ಸಮಸ್ಯೆ ನೀಗುತ್ತದೆ. ಆಗ ಮೇಷ್ಟ್ರ ಬಸ್ಸು ತಪ್ಪುತ್ತದೆ, ಅದೂ ನಿಜ.

ಕೂಲಿ ತುಂಬಿಕೊಟ್ಟು, ಹಕ್ಕುಗಳ ತಿಳಿವಳಿಕೆ ಕೊಟ್ಟುಬಿಟ್ಟರೆ ಸಾಕೇ? ತಿಳಿವಳಿಕೆಯೊಂದೇ ಸಾಲದು ಎನ್ನುವುದಕ್ಕೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲೊಂದು ಗಟ್ಟಿ ಪುರಾವೆ ಇದೆ. 2005-06ರಲ್ಲಿ ಪ್ರಥಮ್ ಸಂಸ್ಥೆಯೂ, ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದ ಸಂಶೋಧಕರ ತಂಡವೂ ಸೇರಿ 280 ಹಳ್ಳಿಗಳಲ್ಲಿ ಪರೀಕ್ಷಿಸಿ ನೋಡಿದವು. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಶಿಕ್ಷಣ ಸಮಿತಿಯ ಅಧಿಕಾರವೇನು, ಹಣವೆಷ್ಟು ಬರುತ್ತದೆ ಎಂದು ತಿಳಿಸಿದರು. ಇನ್ನು ಕೆಲವು ಕಡೆ ಅದರ ಜೊತೆಗೆ, ಮಕ್ಕಳಿಗೆ ಓದಲು ಬರುತ್ತದೋ ಇಲ್ಲವೋ ಎಂದು ಊರವರೇ ಪರೀಕ್ಷಿಸುವುದನ್ನು ಕಲಿಸಿದರು. ಮೂರನೆಯ ಗುಂಪಿನ ಹಳ್ಳಿಗಳಲ್ಲಿ ಇವೆರಡರ ಮೇಲೆ, ಓದುಬಲ್ಲ ಯುವಕ ಯುವತಿಯರಿಗೆ ಪುಟ್ಟ ತರಬೇತಿ ಕೊಟ್ಟು ಶಾಲೆಯ ಹೊತ್ತಿನ ಆಚೆ ಓದಿನ ಶಿಬಿರ ನಡೆಸಲು ಹೇಳಿದರು. ಮೊದಲೆರಡು ಗುಂಪಿನಲ್ಲಿ ಏನೂ ಬದಲಾಗಲಿಲ್ಲ. ಸಮಿತಿಯೂ ಎದ್ದು ಕೂರಲಿಲ್ಲ, ಮೇಷ್ಟ್ರೂ ಹೆಚ್ಚು ಬರಲಿಲ್ಲ, ಮಕ್ಕಳೂ ಹೆಚ್ಚು ಕಲಿಯಲಿಲ್ಲ. ಮೂರನೆಯದರಲ್ಲಿ ಸಂಬಳವಿಲ್ಲದ ಸ್ವಯಂಸೇವಕರು ಮುಂದೆ ಬಂದರು, ಶಿಬಿರಕ್ಕೆ ಹೋದ ಮಕ್ಕಳು ಎದ್ದು ಕಾಣುವಷ್ಟು ಓದು ಕಲಿತರು.

ಇದನ್ನು ಓದಿ ಸಂತೋಷಪಡುವವರು ಸ್ವಲ್ಪ ತಡೆಯಬೇಕು. ಶಿಬಿರಕ್ಕೆ ಬಂದದ್ದು ಊರಿನ ಕೆಲವೇ ಮಕ್ಕಳು. ಸರ್ಕಾರಿ ಶಾಲೆ ಇದ್ದಂತೆಯೇ ಉಳಿಯಿತು. ನನಗೆ ಇದರಿಂದ ತಿಳಿದದ್ದು ಎರಡು ಮಾತು. ಅಧಿಕಾರ ನಿನ್ನದು ಎಂದು ಹೇಳಿ ಕೈಬೀಸಿ ಕಳಿಸಿದರೆ ಬಡವರು ಏನು ಮಾಡಬೇಕೆಂದು ತೋಚದೆ ಮನೆಗೆ ಹೋಗುತ್ತಾರೆ. ಈ ನಾಲ್ಕು ಮಕ್ಕಳಿಗೆ ದಿನಾ ಒಂದು ಗಂಟೆ ಓದಿಸು ಎಂದು ಕೈಗೊಂದು ಕೆಲಸ ಕೊಟ್ಟರೆ ಮಾಡುತ್ತಾರೆ. ಮತ್ತೆ, ಆ ಕೆಲಸ ಶಾಲೆಯ ಹೊರಗೇ ಉಳಿದರೆ ಶಾಲೆಗೆ ಬಿಸಿ ತಟ್ಟುವುದಿಲ್ಲ. ಹಾಗಾಗಿ ಊರವರು ಶಾಲೆಯ ಒಳಗೆ, ಮೇಷ್ಟ್ರ ಕಣ್ಣೆದುರಿಗೆ, ಮಗುವಿನ ಪಕ್ಕ ಕೂರಬೇಕು.

ಕೂತು ಮಾಡುವುದೇನು? ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ 50.5 ಇದ್ದದ್ದು ಕೋವಿಡ್ ಕಳೆದ ಮೇಲೆ 2022ರಲ್ಲಿ ಶೇ 42.8ಕ್ಕೆ ಇಳಿಯಿತು, 2024ರಲ್ಲಿ ಶೇ 48.8ಕ್ಕೆ ಏರಿತು ಎಂದು, ಮನೆ ಮನೆಗೆ ಹೋಗಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ ವರದಿಗಳು ಹೇಳುತ್ತವೆ.  ಎರಡರಲ್ಲಿ ಒಂದು ಮಗು ಐದನೇ ತರಗತಿಗೆ ಬಂದರೂ ತಡವರಿಸುತ್ತಿದೆ. ನಲಿಕಲಿಯ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ಗುಂಪು ಗುಂಪಾಗಿ, ಒಬ್ಬೊಬ್ಬರು ಒಂದೊಂದು ಮೆಟ್ಟಿಲಿನಲ್ಲಿ ಇರುತ್ತಾರೆ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಆರಂಭವಾದ ಒಳ್ಳೆಯ ಪದ್ಧತಿ ಅದು. ಆದರೆ ಟೀಚರು ಒಂದು ಗುಂಪಿನ ಜೊತೆ ಕೂತರೆ ಉಳಿದ ಗುಂಪುಗಳು ಬಾಗಿಲ ಕಡೆ ನೋಡುತ್ತವೆ. ಅಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿರುವ ಒಬ್ಬ ಸೊಸೆ ವಾರಕ್ಕೆ ಮೂರು ದಿನ ಒಂದು ಗಂಟೆ ಕೂತು ಮಗು ಓದಿದ್ದನ್ನು ಕೇಳಿಸಿಕೊಂಡರೆ ಸಾಕು. ಪಾಠ ಮಾಡುವುದು ಬೇಕಿಲ್ಲ. ತಪ್ಪು ಓದಿದರೂ ರೇಗದೆ ಕೇಳಿಸಿಕೊಳ್ಳುವ ಒಂದು ಕಿವಿ ಈ ಮಕ್ಕಳಿಗೆ ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ.

ಓದು ಬಾರದ ತಾಯಿಗೂ ಇಲ್ಲಿ ಕೆಲಸವಿದೆ, ಅದು ಬಿಸಿಯೂಟದ ಅಕ್ಕಿ ಆರಿಸುವುದಲ್ಲ. ಯಾದಗಿರಿ, ರಾಯಚೂರಿನ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ತರಗತಿಗಳು ತೆಳ್ಳಗಾಗುತ್ತವೆ. ಆಮೇಲೆ ಗುಳೆ ಶುರು. ಮನೆಗೆ ಬೀಗ ಹಾಕಿ ಸಂಸಾರವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಬ್ಬಿನ ಗದ್ದೆಗೋ ಹೊರಡುತ್ತದೆ. ಶಾಲೆಗೆ ಇದು ಗೊತ್ತಾಗುವುದು ಹಾಜರಿ ಪುಸ್ತಕದಲ್ಲಿ ಗೈರು ಸಾಲುಗಟ್ಟಿದ ಮೇಲೆ. ಕೇರಿಗೆ ಇದು ಎಂಟು ದಿನ ಮೊದಲೇ ಗೊತ್ತಿರುತ್ತದೆ. ಮುಂಗಡ ಯಾರು ತಗೊಂಡರು, ಆಡುಗಳನ್ನು ಯಾರ ಮನೆಯಲ್ಲಿ ಬಿಟ್ಟರು, ಅಜ್ಜಿಯನ್ನು ಕರೆದೊಯ್ಯುತ್ತಾರೋ ಬಿಟ್ಟುಹೋಗುತ್ತಾರೋ, ಎಲ್ಲ ನಲ್ಲಿಯ ಹತ್ತಿರ ಚರ್ಚೆಯಾಗಿರುತ್ತದೆ. ಅಜ್ಜಿ ಊರಲ್ಲೇ ಉಳಿದರೆ ಮಗುವೂ ಉಳಿಯಬಹುದು ಎಂದು ಆ ಮನೆಯ ಜಗಲಿಯಲ್ಲಿ ಕೂತು ಮಾತಾಡಬಲ್ಲವಳು ಪಕ್ಕದ ಮನೆಯವಳೇ ಹೊರತು ಇಲಾಖೆಯ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅಲ್ಲ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ನಮೂನೆಗಳ ಮೇಲೆ ನಮೂನೆ ಅಚ್ಚು ಹಾಕಿಸುವ ನಾವು ಇವಳನ್ನು ಒಂದು ಮಾತು ಕೇಳಿಲ್ಲ.

ಊರು ಕರೆದರೆ ಬರುತ್ತದೆ ಎಂಬುದಕ್ಕೆ 2020ರ ವಿದ್ಯಾಗಮ ಸಾಕ್ಷಿ. ಶಾಲೆಗಳು ಮುಚ್ಚಿದ್ದಾಗ ಮೇಷ್ಟ್ರುಗಳು ಊರೊಳಗೆ ಬಂದು ಗುಡಿಯ ಪ್ರಾಂಗಣ, ಅರಳಿಕಟ್ಟೆ, ಮನೆಗಳ ಪಡಸಾಲೆಗಳಲ್ಲಿ ಪಾಠ ಮಾಡಿದರು. ಜನ ಜಾಗ ಗುಡಿಸಿ ಕೊಟ್ಟರು. ಎಷ್ಟೋ ತಾಯಂದಿರು ಮೊದಲ ಸಲ ಪಾಠ ನಡೆಯುವುದನ್ನು ಕಣ್ಣಾರೆ ಕಂಡರು, ತನ್ನ ಮಗ ಎಲ್ಲಿ ತಡವರಿಸುತ್ತಾನೆ ಎಂದು ತಿಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ಮುಂದಿನ ಜನವರಿಯಲ್ಲಿ ಶಾಲೆಯ ಅಂಗಳಕ್ಕೇ ಸೀಮಿತವಾಗಿ ಮತ್ತೆ ನಡೆಯಿತು. ಆಮೇಲೆ ಶಾಲೆ ತೆರೆದು ಗೇಟು ಹಾಕಿತು, ತಾಯಂದಿರು ಗೇಟಿನ ಆಚೆಗೇ ಉಳಿದರು. 2020ರ ನವೆಂಬರ್‌ನಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ಆರಂಭಿಸಿದ ‘ಓದುವ ಬೆಳಕು’ ಮಕ್ಕಳನ್ನು ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತವಾಗಿ ಸೇರಿಸಿತು. ಇಂದು ಅರಿವು ಕೇಂದ್ರಗಳೆನ್ನುವ ಆ ಕೋಣೆಗಳು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. ಸಂಜೆ ಹೊತ್ತು ಓದಿ ಹೇಳುವ ಒಬ್ಬ ದೊಡ್ಡವರು ಅಲ್ಲಿದ್ದರೆ ಜೌನ್‌ಪುರದ ಶಿಬಿರಕ್ಕೆ ಬೇಕಾದ ಚಾವಣಿ ನಮ್ಮಲ್ಲಿ ಆಗಲೇ ಇದೆ.

ನಗರದ ಸ್ವಯಂಸೇವಕರ ಬಗ್ಗೆ ಎರಡು ಕಟು ಮಾತು ಹೇಳಲೇಬೇಕು. ಶನಿವಾರ ಕಂಪನಿಯ ಟೀಶರ್ಟ್ ತೊಟ್ಟು ಬಸ್ಸಿನಲ್ಲಿ ಬರುತ್ತಾರೆ, ಗೋಡೆಗೆ ಚಿಟ್ಟೆ ಬರೆಯುತ್ತಾರೆ, ಮಕ್ಕಳಿಗೆ ಕೇಕು ತಿನ್ನಿಸಿ ಮೊಬೈಲಿನಲ್ಲಿ ಸೆರೆಹಿಡಿದು ಹೊರಡುತ್ತಾರೆ. ಇಂಗ್ಲಿಷ್ ಕಲಿಸುತ್ತೇವೆಂದು ಜೂನ್‌ನಲ್ಲಿ ಬಂದವರು ದಸರಾ ರಜೆಯ ನಂತರ ಕಾಣುವುದಿಲ್ಲ. ಮಕ್ಕಳಿಗೆ ಇದು ರೂಢಿಯಾಗಿಬಿಟ್ಟಿದೆ. ಮುಂದಿನ ವಾರ ಬರುತ್ತೇನೆ ಎಂದರೆ ನಕ್ಕು ತಲೆಯಾಡಿಸುತ್ತಾರೆ. ಒಂದು ವರ್ಷ, ವಾರಕ್ಕೆ ಇಂತಿಷ್ಟು ಗಂಟೆ, ತಪ್ಪದೆ ಬರುತ್ತೇನೆ ಎನ್ನದವರನ್ನು ಹೆಡ್‌ಮಾಸ್ತರರು ನಯವಾಗಿ ಕಾಫಿ ಕೊಟ್ಟು ಕಳಿಸಬೇಕು. ಬರುತ್ತೇನೆಂದವರ ಹಿನ್ನೆಲೆ ವಿಚಾರಿಸಬೇಕು, ಯಾರನ್ನೂ ಮಗುವಿನ ಜೊತೆ ಒಂಟಿಯಾಗಿ ಬಿಡಬಾರದು. ಇದು ಅನುಮಾನವೆಂದು ಮುನಿಸಿಕೊಳ್ಳುವವರು ಈ ಕೆಲಸಕ್ಕೆ ತಕ್ಕವರಲ್ಲ.

ಊರೊಳಗಿನವರನ್ನೂ ಕಣ್ಣುಮುಚ್ಚಿ ನಂಬಲಾಗದು. 2025ರಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿಯ ಶಾಲೆಗೆ ದಲಿತ ಮಹಿಳೆ ಮುಖ್ಯ ಅಡುಗೆಯವರಾಗಿ ಬಂದ ಮೇಲೆ ಪೋಷಕರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರೆಂಬ ಸುದ್ದಿ ರಾಜ್ಯವನ್ನೆಲ್ಲ ನಾಚಿಸಿತು. ಅವರೂ ಪೋಷಕರೇ, ಅದೂ ‘ಸಮುದಾಯದ ಭಾಗವಹಿಸುವಿಕೆ’ಯೇ! ಆದ್ದರಿಂದ ಶಾಲೆಯೊಳಗೆ ಯಾರು ಬರುತ್ತಾರೆ ಎಂಬಷ್ಟೇ ಯಾವ ಕೇರಿಯಿಂದ ಬರುತ್ತಾರೆ ಎಂಬುದೂ ಮುಖ್ಯ. ಓದಿಸಲು ಬಂದವಳು ದಲಿತ ಕೇರಿಯ ಪಿಯುಸಿ ಹುಡುಗಿಯಾಗಿ, ಅವಳ ಸುತ್ತ ಎಲ್ಲ ಬೀದಿಯ ಮಕ್ಕಳು ಕೂತರೆ ಅಲ್ಲಿ ನಡೆಯುವ ಪಾಠ ಕನ್ನಡದ್ದು ಮಾತ್ರ ಆಗಿರುವುದಿಲ್ಲ.

ಇನ್ನು ಶಿಕ್ಷಕರ ಸಂಘದವರ ಅಂಜಿಕೆ. ಸ್ವಯಂಸೇವಕರು ಬಂದರೆ ಸರ್ಕಾರ ಹುದ್ದೆ ತುಂಬುವುದನ್ನೇ ಮರೆಯುತ್ತದೆ ಎನ್ನುತ್ತಾರೆ. ಈ ಅಂಜಿಕೆಗೆ ಬುಡವಿದೆ. ಹತ್ತಾರು ಸಾವಿರ ಹುದ್ದೆ ಖಾಲಿಯಿಟ್ಟು ಅತಿಥಿ ಶಿಕ್ಷಕರ ಮೇಲೆ ವರ್ಷ ದೂಡುವ ಸರ್ಕಾರ, ಪುಕ್ಕಟೆ ಸಿಕ್ಕವರನ್ನು ಬಿಟ್ಟೀತೇ? ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಹಳೆ ವಿದ್ಯಾರ್ಥಿಗಳು ಚಂದಾ ಎತ್ತಿ ಗೌರವ ಶಿಕ್ಷಕಿಯನ್ನು ಇಟ್ಟುಕೊಂಡು ಶಾಲೆ ಉಳಿಸಿದ್ದಾರೆ. ಮೆಚ್ಚಬೇಕಾದದ್ದೇ, ಆದರೆ ಅಲ್ಲಿ ಊರು ತೀರಿಸುತ್ತಿರುವುದು ಸರ್ಕಾರದ ಸಾಲ, ಮತ್ತು ಆ ಗೌರವ ಶಿಕ್ಷಕಿಗೆ ಸಿಗುವುದು ಹೆಸರಲ್ಲಿರುವ ಗೌರವವಷ್ಟೇ. ಗೆರೆ ಎಳೆಯುವುದು ಕಷ್ಟವೇನಲ್ಲ. ಸ್ವಯಂಸೇವಕರು ಮಗುವಿನ ಪಕ್ಕದ ಚಾಪೆಯಲ್ಲಿ ಕೂರಬಹುದು, ಮೇಷ್ಟ್ರ ಕುರ್ಚಿಯಲ್ಲಿ ಕೂರಬಾರದು. ಕುರ್ಚಿ ಖಾಲಿಯಿದ್ದರೆ ಅವರ ಮೊದಲ ಕೆಲಸ ಪಾಠ ಹೇಳುವುದಲ್ಲ, ನಾಲ್ಕು ಜನ ಸೇರಿ ಅರ್ಜಿ ಹಿಡಿದು ಬಿಇಒ ಕಚೇರಿಗೆ ಹೋಗುವುದು. ವಾರಕ್ಕೆ ಮೂರು ದಿನ ಶಾಲೆಯೊಳಗೆ ಕೂತವಳಿಗೆ ಆ ಅರ್ಜಿಯಲ್ಲಿ ಏನು ಬರೆಯಬೇಕೆಂದು ಗೊತ್ತಿರುತ್ತದೆ. ವರ್ಷಕ್ಕೆ ಆರು ಸಲ ರುಜು ಹಾಕಿ ಹೋದವಳಿಗೆ ಗೊತ್ತಿರುವುದಿಲ್ಲ.

ಆ ಸಭೆಯ ದಿನ ಎಲ್ಲರೂ ಹೋದ ಮೇಲೆ ಹೆಡ್‌ಮಾಸ್ತರರ ಅನುಮತಿ ಕೇಳಿ ಠರಾವು ಪುಸ್ತಕವನ್ನು ಹಿಂದಿನಿಂದ ತಿರುವಿ ನೋಡಿದೆ. ಆರೇಳು ವರ್ಷದ ನಡಾವಳಿ. ಕಾಂಪೌಂಡು, ಸುಣ್ಣಬಣ್ಣ, ಸಿಲಿಂಡರು, ಧ್ವಜಸ್ತಂಭ, ಮತ್ತೆ ಕಾಂಪೌಂಡು. ಓದಿನ ಮಾತು ಒಂದೇ ಕಡೆ ಸಿಕ್ಕಿತು. ಮೂರನೇ ತರಗತಿಯ ಮಗಳಿಗೆ ಓದಲು ಬರುತ್ತಿಲ್ಲವೇಕೆ ಎಂದು ತಾಯಿಯೊಬ್ಬರು ಸಭೆಯಲ್ಲಿ ಕೇಳಿದರು ಎಂದು ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದು, ಕೆಳಗೆ ‘ಚರ್ಚಿಸಲಾಯಿತು’ ಎಂದಿತ್ತು. ಅದರ ಕೆಳಗೆ ಹನ್ನೊಂದು ರುಜು, ಎರಡು ಹೆಬ್ಬೆಟ್ಟು. ಪುಟ ತಿರುಗಿಸಿದೆ. ಸ್ವಾತಂತ್ರ್ಯ ದಿನಾಚರಣೆಗೆ ಲಾಡು ಮಾಡಿಸುವುದೋ ಪೇಪರ್‌ಮಿಂಟು ತರಿಸುವುದೋ ಎಂಬ ವಿಷಯ ಒಂದೂವರೆ ಪುಟ ನಡೆದಿತ್ತು.